ಅಂಚು ಕೂಡಿಸದ ಹಾಳೆ

ಅವರ ಬಲಗೈಯಲ್ಲಿ ಕಿರುಬೆರಳಿನಿಂದ ಮಣಿಕಟ್ಟಿನವರೆಗಿನ ಅಂಚು ಯಾವಾಗಲೂ ಹಳದಿಯಾಗಿರುತ್ತಿತ್ತು. ಊಟಕ್ಕೆ ಕೂತಾಗ ಹೊಸಬರು ನೋಡಿದರೆ ಪಲ್ಯದ ಅರಿಸಿನ ಅಂದುಕೊಳ್ಳಬೇಕು. ಅದು ಬಣ್ಣದ ಪೆನ್ಸಿಲಿನ ಪುಡಿ. ಭೂಬಳಕೆಯ ನಕ್ಷೆಯಲ್ಲಿ ಜನ ವಾಸಿಸುವ ಜಾಗಕ್ಕೆ ಹಳದಿ ಹಚ್ಚುತ್ತಾರೆ, ಅಂಗಡಿ ಮುಂಗಟ್ಟಿಗೆ ನೀಲಿ, ಕಾರ್ಖಾನೆಗೆ ನೇರಳೆ, ಹೊಲಕ್ಕೆ ಹಸಿರು. ಹಚ್ಚಿದ ಬಣ್ಣದ ಮೇಲೆಯೇ ಕೈ ಊರಿಕೊಂಡು ಮುಂದಿನ ಗೆರೆ ಎಳೆಯಬೇಕಾದ್ದರಿಂದ ಪುಡಿ ಕೈಗೆ ಹತ್ತುತ್ತಿತ್ತು. ಪುಣೆಯ ಸುತ್ತ ಆಗ ಹಸಿರು ಪೆನ್ಸಿಲು ತಿಂಗಳುಗಟ್ಟಲೆ ಹಾಗೇ ಬಿದ್ದಿರುತ್ತಿತ್ತು. ಹಳದಿ ಮಾತ್ರ ಎಷ್ಟು ತಂದರೂ ಸಾಲುತ್ತಿರಲಿಲ್ಲ.

ಅವರು ನನ್ನ ಮೊದಲ ಕೆಲಸದಲ್ಲಿ ಹೆಡ್ ಡ್ರಾಫ್ಟ್ಸ್‌ಮನ್. ನಗರ ಯೋಜನೆಗೆ ನಕ್ಷೆ ಮಾಡಿಕೊಡುವ ಒಂದು ಸಣ್ಣ ಖಾಸಗಿ ಆಫೀಸು ಅದು, ಮುಚ್ಚಿ ಬಹಳ ವರ್ಷವಾಯಿತು. ನಾನು ವಿಜಯಪುರದಲ್ಲಿ ಡಿಪ್ಲೊಮಾ ಮುಗಿಸಿ, ಪುಣೆಯಲ್ಲಿದ್ದ ಸೋದರಮಾವನ ಮನೆಯಲ್ಲಿ ಉಳಿದುಕೊಂಡು, ಅಲ್ಲಿ ಟ್ರೇಸಿಂಗ್, ಅಂದರೆ ಸರ್ವೆ ಹಾಳೆಯ ಗೆರೆಗಳನ್ನು ತೆಳು ಹಾಳೆಗೆ ಇಳಿಸುವ ಕೆಲಸ, ಮಾಡಲು ಸೇರಿದೆ. ಇಡೀ ಆಫೀಸು ಮರಾಠಿ. ಮೊದಲ ದಿನ ನಾನು ಬಾಯಿ ಬಿಟ್ಟ ಕೂಡಲೇ ಅವರು ಕನ್ನಡಕದ ಮೇಲಿಂದ ನೋಡಿ, "ಯಾವ ಊರವ್ವಾ ನಿಂದು?" ಅಂದರು. ಗದಗಿನ ಕಡೆಯವರು, ಪುಣೆಗೆ ಬಂದು ಮೂವತ್ತು ವರ್ಷವಾಗಿದ್ದರೂ ಮರಾಠಿಯನ್ನೂ ಕನ್ನಡದ ಧಾಟಿಯಲ್ಲೇ ಎಳೆದು ಆಡುತ್ತಿದ್ದರು. ಅಂದಿನಿಂದ ನಾನು ಅವರಿಗೆ ತಂಗಿ, ಅವರು ನನಗೆ ಸಾಹೇಬರು.

ಗಿಡ್ಡ ಮನುಷ್ಯ. ಅಂಗಿಯ ಜೇಬಿನಲ್ಲಿ ನಾಲ್ಕು ಪೆನ್ಸಿಲು, ಪ್ಯಾಂಟಿನ ಜೇಬಿನಲ್ಲಿ ಹುರಿದ ಶೇಂಗಾ. ನಡಿಗೆಯಂತೂ ದೇವರೇ! ಇಪ್ಪತ್ತೆರಡು ವರ್ಷದ ನಾನು ಅವರ ಹಿಂದೆ ಓಡಬೇಕಾಗುತ್ತಿತ್ತು. ಅವರದೊಂದು ಪದ್ಧತಿಯಿತ್ತು. ಸರ್ವೆ ಮಾಡಿ, ಹಾಳೆ ಬರೆದು, ಟ್ರೇಸ್ ಮುಗಿದ ಮೇಲೂ ಆ ಹಾಳೆಯನ್ನು ಹಿಡಿದುಕೊಂಡು ಮತ್ತೊಮ್ಮೆ ಆ ಜಾಗವನ್ನೆಲ್ಲ ನಡೆದು ಬರುತ್ತಿದ್ದರು, ಆಮೇಲೇ ಸಹಿ. "ನಕಾಶಿ ತಗಿಯೂದು ಕಾಲಿಲೆ ತಂಗಿ. ಕೈ ಬರೇ ಬರ್ಕೋತದ," ಅನ್ನುತ್ತಿದ್ದರು. ಉಳಿದವರು ಬೆನ್ನ ಹಿಂದೆ ನಗುತ್ತಿದ್ದರು. ನಾನೂ ನಕ್ಕಿದ್ದೇನೆ, ಸುಳ್ಳೇಕೆ ಹೇಳಲಿ.

ಅಂಚು ಕೂಡಿಸುವುದನ್ನು ಅವರು ನನಗೆ ಕಲಿಸಿದ್ದು ರೊಟ್ಟಿಯಿಂದ. ಊಟದ ಡಬ್ಬಿಯಿಂದ ಎರಡು ಜೋಳದ ರೊಟ್ಟಿ ತೆಗೆದು ಪಕ್ಕಪಕ್ಕ ಇಟ್ಟು, ಒಂದರಿಂದ ಇನ್ನೊಂದಕ್ಕೆ ಶೇಂಗಾ ಚಟ್ನಿಯ ಗೆರೆ ಎಳೆದರು. "ಈ ಹಾಳ್ಯಾಗ ಹೊಂಟ ಹಾದಿ ಆ ಹಾಳ್ಯಾಗ ಮುಟ್ಟಬೇಕು. ನಡುವ ಕಡೀತು ಅಂದ್ರ, ಅಲ್ಲಿ ಓಡ್ಯಾಡೋ ಮನಶ್ಯಾನ ಕಾಲ ಕಡದಂಗ." ಒಂದು ಹಾಳೆಯಲ್ಲಿ ಹಿಡಿಸುವ ನೆಲ ಸ್ವಲ್ಪವೇ. ಪಕ್ಕದ ಹಾಳೆಯನ್ನು ಜೋಡಿಸಿಟ್ಟು ಪ್ರತಿಯೊಂದು ಗೆರೆ ಮುಂದುವರಿದಿದೆಯೇ ನೋಡುವುದೇ ಅಂಚು ಕೂಡಿಸುವುದು. ಎರಡು ಹಾಳೆ ಸೇರುವ ಜಾಗದ ಮೇಲೇ ಏನಾದರೂ ಇದ್ದರೆ ಮೋಸ. ಈ ಹಾಳೆ ಬರೆಯುವವರು ಆ ಹಾಳೆಯಲ್ಲಿದೆ ಅಂದುಕೊಳ್ಳುತ್ತಾರೆ, ಆ ಹಾಳೆಯವರು ಈ ಹಾಳೆಯಲ್ಲಿ.

ನನ್ನ ಎರಡನೇ ವರ್ಷ, ಶಿರೂರು ರಸ್ತೆಯ ಕಡೆಯ ಒಂದು ಹಳ್ಳಿಯ ಹಾಳೆ ನನ್ನ ಪಾಲಿಗೆ ಬಂತು. ಹಳೆಯ ಊರು, ಅದರಾಚೆ ಬಯಲು. ಊರಿನಿಂದ ಹೊಲಗಳಿಗೆ ಎತ್ತಿನ ಗಾಡಿ ಹೋಗುವ ಒಂದು ಹಾದಿ, ಮರಾಠಿಯವರು ಪಾಣಂದ ಅನ್ನುತ್ತಾರೆ, ಸರಿಯಾಗಿ ಎರಡು ಹಾಳೆಗಳ ಅಂಚಿನ ಮೇಲೇ ಇತ್ತು. ಅದು ಪಂಚಮಿಯ ಹಿಂದಿನ ದಿನ. ಸಂಜೆ ಐದರ ಬಸ್ಸಿಗೆ ನಾನು ಊರಿಗೆ ಹೊರಡಬೇಕು. ಅವ್ವ ಜೋಕಾಲಿ ಕಟ್ಟಿಸಿ ಕಾಯುತ್ತಿದ್ದಾಳೆ. ಹಾಳೆ ಆ ದಿನವೇ ನಗರ ಯೋಜನಾ ಕಚೇರಿಗೆ ಹೋಗಬೇಕಿತ್ತು. ಮೂರೂವರೆಗೆ ಸಾಹೇಬರು ನನ್ನ ಮೇಜಿಗೆ ಬಂದರು.

"ಅಂಚ ಕೂಡಿಸಿಯೇನ ತಂಗಿ?"

"ಹೌದ್ರಿ ಸಾಹೇಬ್ರ, ಕೂಡ್ಸೇನಿ."

ಕೂಡಿಸಿರಲಿಲ್ಲ. ಪಕ್ಕದ ಹಾಳೆಯನ್ನು ಕಪಾಟಿನಿಂದ ಹೊರಗೇ ತೆಗೆದಿರಲಿಲ್ಲ.

ನಾನು ಹೂಂ ಅಂದೆನೆಂದು, ಜನ್ಮದಲ್ಲಿ ಮೊದಲ ಸಲ, ಅವರು ನಡೆದು ನೋಡದೆ ಸಹಿ ಹಾಕಿದರು. "ಹೋಗ, ಹೋಗ. ಅವ್ವ ಹಾದಿ ಕಾಯ್ತಿರ್ತಾಳ. ಬರೂವಾಗ ಉಂಡಿ ತಗೊಂಡ ಬಾ," ಅಂದರು. ನಾನು ತಂದುಕೊಟ್ಟೆ ಕೂಡ. ಶೇಂಗಾ ಉಂಡಿ, ಎಳ್ಳಿನ ಉಂಡಿ. ಸಾಹೇಬರು ಆಫೀಸಿಗೆಲ್ಲ ಹಂಚಿ, "ಇದು ನಮ್ಮ ಕಡೀ ಉಂಡಿ ನೋಡ್ರಿ" ಎಂದು ಮರಾಠಿಯವರ ಮುಂದೆ ಮೆರೆದಾಡಿದರು.

ಇದೆಲ್ಲ ಮರೆತೇಹೋಯಿತು. ಮದುವೆಯಾಯಿತು, ಗಂಡನಿಗೆ ರಾಂಜಣಗಾಂವದ ಕಾರ್ಖಾನೆಯಲ್ಲಿ ಕೆಲಸ, ನಾನು ಲೈಸನ್ಸ್ ತೆಗೆದುಕೊಂಡು ಮನೆ ಕಟ್ಟುವವರಿಗೆ ನಕ್ಷೆ ಮಾಡಿಕೊಡತೊಡಗಿದೆ. ಒಂದು ದಿನ ಸಾಹೇಬರ ಫೋನು. ನಿವೃತ್ತಿಯಾಗಿತ್ತು. ಆ ಹಳ್ಳಿಯ ಬಯಲಿನಲ್ಲಿ ಫ್ಲ್ಯಾಟುಗಳ ದೊಡ್ಡ ವಸಾಹತು ಏಳುತ್ತಿದೆ, ನಾನು ಬುಕ್ ಮಾಡಿದ್ದೇನೆ, ನೀನೂ ಮಾಡು ಅಂದರು. "ಆ ಜಾಗಾ ನಾ ನಡದೇನಿ ತಂಗಿ. ಪಾಣಂದ ಹಿಡಕೊಂಡ ಮುನ್ನೂರು ಹೆಜ್ಜಿ ಹೋದ್ರ ಊರು. ಶಾಲಿ, ಸಂತಿ, ದವಾಖಾನಿ, ಬಸ್ ಸ್ಟಾಪು, ಎಲ್ಲಾ ಕಾಲಿಗೆ ಸಿಗ್ತಾವ. ಗಾಡಿ ಬ್ಯಾಡ, ಏನ ಬ್ಯಾಡ." ಅವರು ನಡೆದಿದ್ದೇನೆ ಅಂದರೆ ಮುಗಿಯಿತು. ನಾವೂ ಅಲ್ಲೇ ಕೊಂಡೆವು. ಅವರಿಗೆ ಐದನೇ ಮಹಡಿ, ನಮಗೆ ಎರಡನೆಯದು.

ಬೀಗದ ಕೈ ಸಿಕ್ಕ ದಿನ ಇಬ್ಬರೂ ಹಿಂಬದಿಗೆ ಹೋಗಿ ನೋಡಿದರೆ ಎರಡಾಳೆತ್ತರದ ಗೋಡೆ. ಮೇಲೆ ಗಾಜಿನ ಚೂರು, ತಂತಿ. ಗೋಡೆಯಾಚೆ ಕೋಳಿ ಕೂಗುವುದು ಕೇಳಿಸುತ್ತಿತ್ತು. ಹಾದಿಯಿಲ್ಲ. ಸಾಹೇಬರು ಗೋಡೆಗುಂಟ ಈ ತುದಿಯಿಂದ ಆ ತುದಿಗೆ ಎರಡು ಸಲ ನಡೆದರು.

ಊರಿಗೆ ಹೋಗಬೇಕೆಂದರೆ ಈಗ ಮುಂದಿನ ಗೇಟಿನಿಂದ ಹೊರಟು, ಹೆದ್ದಾರಿ ಸೇರಿ, ದೂರದಲ್ಲಿರುವ ತಿರುವಿನಲ್ಲಿ ಸುತ್ತಿ, ಇನ್ನೊಂದು ಬದಿಯಿಂದ ಬರಬೇಕು. ನಾಲ್ಕು ಕಿಲೋಮೀಟರು. ಹೆದ್ದಾರಿಗೆ ಫುಟ್‌ಪಾತಿಲ್ಲ, ದಾಟಲು ಜಾಗವಿಲ್ಲ, ಕಾರ್ಖಾನೆಯ ಕಂಟೇನರುಗಳು ಮೈಮೇಲೆ ಬರುತ್ತವೆ. ವಸಾಹತಿನೊಳಗೆ ಒಂದು ಅಂಗಡಿಯೂ ಇಲ್ಲ, ಯಾಕೆಂದರೆ ನಕ್ಷೆಯಲ್ಲಿ ಅದು ಪೂರಾ ಹಳದಿ. ಕೊತ್ತಂಬರಿ ಬೇಕೇ, ಕಾರು ತೆಗೆ. ತಲೆನೋವಿನ ಗುಳಿಗೆ ಬೇಕೇ, ಕಾರು ತೆಗೆ. ನನ್ನ ಮಗಳ ಶಾಲೆಯ ಗಂಟೆ ನಮ್ಮ ಬಾಲ್ಕನಿಗೆ ಕೇಳಿಸುತ್ತದೆ, ಪ್ರಾರ್ಥನೆಯ ಹಾಡು ಕೇಳಿಸುತ್ತದೆ, ಆದರೆ ಆ ಗಂಟೆ ಹೊಡೆಯುವ ಮುಕ್ಕಾಲು ತಾಸು ಮೊದಲು ಅವಳನ್ನು ಕಾರಿನಲ್ಲಿ ತುರುಕಿಕೊಂಡು ಹೊರಡದಿದ್ದರೆ ಅವಳು ಹೊರಗೆ ನಿಲ್ಲಬೇಕು. ತಿರುವಿನಲ್ಲಿ ಗಾಡಿಗಳ ಸಾಲು, ಎಲ್ಲ ಎಂಜಿನ್ನುಗಳೂ ಚಾಲೂ, ಎದುರಿನ ಟೆಂಪೋದ ಹೊಗೆ ಮುಖಕ್ಕೆ. ನಾನು ದಿನಾ ಬೆಳಿಗ್ಗೆ ಯಾರಾರನ್ನೋ ಬೈದುಕೊಳ್ಳುತ್ತಾ ಕೂತಿರುತ್ತಿದ್ದೆ. ಬಿಲ್ಡರನ್ನು, ಸರಕಾರವನ್ನು, ಅಡ್ಡ ಬಂದ ರಿಕ್ಷಾದವನನ್ನು.

ಮನೆಗೆ ಬಂದು ತಿಂಗಳಾಗಿರಬಹುದು, ಸಾಹೇಬರು ಚಹಾಕ್ಕೆ ಕರೆದರು. ದಿವಾನದ ಮೇಲೆ ಎರಡು ಹಾಳೆ ಹಾಸಿದ್ದರು. ಒಂದು ಅವರ ಕೈಯ ಸರ್ವೆ ಹಾಳೆ, ಅದರಲ್ಲಿ ಪಾಣಂದ ಸ್ಪಷ್ಟವಾಗಿತ್ತು. ಇನ್ನೊಂದು ಅದರಿಂದ ಮಾಡಿದ ಟ್ರೇಸಿಂಗಿನ ಪ್ರತಿ, ನನ್ನ ಅಕ್ಷರ. ಹಾದಿ ಇರಲಿಲ್ಲ. ಪಕ್ಕದ ಹಾಳೆಯಲ್ಲಿದೆ ಅಂದುಕೊಂಡು ನಾನು ಅದನ್ನು ಎಳೆದಿರಲಿಲ್ಲ. ಪಂಚಮಿ, ಐದರ ಬಸ್ಸು, ಎಲ್ಲ ಒಮ್ಮೆಲೇ ನೆನಪಾಯಿತು. ಬಿಲ್ಡರನು ಈ ಹಾಳೆಯನ್ನು ನೋಡಿಯೇ ಗೋಡೆ ಕಟ್ಟಿದ್ದ. ಅವನ ಲೆಕ್ಕದಲ್ಲಿ ಅಲ್ಲಿ ಹಾದಿಯೇ ಇರಲಿಲ್ಲ.

ಸಾಹೇಬರು ನನ್ನ ಮುಖ ನೋಡಲಿಲ್ಲ. ಕನ್ನಡಕ ಒರೆಸುತ್ತಾ, "ನಾ ನಡದ ನೋಡಬೇಕಿತ್ತು. ನೋಡ್ಲಿಲ್ಲ. ತಪಾಸ ಮಾಡಾಂವ ನಾನು, ತಪ್ಪು ನಂದು," ಅಂದರು. "ನಗರ ಯೋಜನಾ ಕಚೇರಿಗೆ ಅರ್ಜಿ ಕೊಡ್ತೇನಿ. ಹಾದಿ ಇತ್ತು ಅಂತ ತೋರ್ಸಿದ್ರ ತಗೀಲಿಕ್ಕೇ ಬೇಕು."

ನಾನು ಆಗಲೇ ಹೇಳಬಹುದಿತ್ತು. ಬಾಯಿ ಬಿಟ್ಟೆ ಕೂಡ. ಅಷ್ಟರಲ್ಲಿ ಕಾಕು, ಅಂದರೆ ಅವರ ಹೆಂಡತಿ, ಅವಲಕ್ಕಿ ಚೂಡಾದ ತಟ್ಟೆ ತಂದಿಟ್ಟು ಮಗಳ ಶಾಲೆ ವಿಚಾರಿಸಿದರು. ಬಾಯಿ ಮುಚ್ಚಿದ್ದು ಮುಚ್ಚಿದ್ದೇ. ಆ ಚೂಡಾವನ್ನು ನೆಪ ಮಾಡಿಕೊಂಡು ನಾನು ಆರು ವರ್ಷ ಕಳೆದೆ ಅಂದರೆ ನೀವು ನಂಬಬೇಕು. ಸುಳ್ಳು ನಕ್ಷೆ ಕೊಟ್ಟವಳೆಂದು ಒಂದು ಮಾತು ಹೊರಬಿದ್ದರೆ ನನ್ನ ಲೈಸನ್ಸು ಹೋಗುತ್ತದೆ, ಕೆಲಸ ಹೋಗುತ್ತದೆ ಎಂಬ ಹೆದರಿಕೆ. ಅಷ್ಟೇ. ಬೇರೆ ಯಾವ ದೊಡ್ಡ ಕಾರಣವೂ ಇರಲಿಲ್ಲ.

ಹೊಗೆಯ ಬಗ್ಗೆ ಅವರು ಮಾತಾಡತೊಡಗಿದ್ದು ಆಮೇಲೆ. ನಮ್ಮ ವಸಾಹತಿಗೆ ಒಂದು ವರ್ಷ ಹಸಿರು ವಸಾಹತು ಎಂಬ ಪ್ರಶಸ್ತಿ ಬಂತು. ಛಾವಣಿಯ ಮೇಲೆ ಸೋಲಾರು, ಹುಲ್ಲುಹಾಸು, ಕಸ ಬೇರೆ ಮಾಡುವ ಡಬ್ಬಿಗಳು. ಪೇಡೆ ಹಂಚಿದರು. ಸೊಸೈಟಿಯ ಸೆಕ್ರೆಟರಿ, ಒಬ್ಬ ಮರಾಠಿ ಗೃಹಸ್ಥ, ಇಂಗಾಲ ಕಡಿಮೆ ಮಾಡಿದ ಬಗ್ಗೆ ಭಾಷಣ ಮಾಡಿದ. ಮರುದಿನ ಬೆಳಿಗ್ಗೆ ಸಾಹೇಬರು ಗೇಟಿನ ಹತ್ತಿರ ಕುರ್ಚಿ ಹಾಕಿಸಿಕೊಂಡು, ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ಕೂತರು. ಹೊರಹೋಗುವ ಪ್ರತಿಯೊಂದು ಕಾರಿನವರನ್ನು ನಿಲ್ಲಿಸಿ ಕೇಳುವುದು, "ಎಲ್ಲಿಗ ಹೊಂಟ್ರಿ?" ಹಾಲಿಗೆ, ಬ್ರೆಡ್ಡಿಗೆ, ಶಾಲೆಗೆ, ಕಟಿಂಗಿಗೆ, ಇಸ್ತ್ರಿಗೆ ಕೊಟ್ಟ ಬಟ್ಟೆ ತರಲಿಕ್ಕೆ. ಒಬ್ಬೊಬ್ಬರಿಗೂ ಒಂದು ಕಪ್ಪು ಗೆರೆ ಎಳೆದರು. ಹತ್ತು ಗಂಟೆಗೆ ಹಾಳೆಯನ್ನು ನನಗೆ ತೋರಿಸಿದಾಗ ಹಳದಿ ವಸಾಹತಿನ ಸುತ್ತ, ಆ ನಾಲ್ಕು ಕಿಲೋಮೀಟರಿನ ಗುಂಟ, ದಪ್ಪ ಕಪ್ಪು ಬಳೆ ಮೂಡಿತ್ತು.

"ಹೊಗಿ ಗಾಡಿಯಿಂದ ಬರ್ತದ ಅಂತಾರ ಮಂದಿ," ಅಂದರು. "ಗಾಡಿ ಆಮ್ಯಾಲೆ ಬರ್ತದ ತಂಗಿ. ಮೊದಲ ನಕಾಶಿ ಬರ್ತದ. ಮನೀ ಒಂದ ಕಡೆ, ಅಂಗಡಿ ಒಂದ ಕಡೆ, ಕೆಲಸಾ ಮತ್ತೊಂದ ಕಡೆ ಅಂತ ನಾವು ಬಣ್ಣ ಹಚ್ಚಿ ಕೊಟ್ವಿ. ನಡುವ ಹಾದಿ ಹಾಕೂದ ಬಿಟ್ವಿ. ಇನ್ನ ಜನಾ ಏನ ಹಾರಿ ಹೋಗ್ತಾರೇನು? ಈ ಪೆನ್ಸಿಲ್ಲಿಗೇ ಹೊಗಿ ಹತ್ಯದ."

"ನಾವು" ಅಂದರು. ನಾನು ತಲೆ ತಗ್ಗಿಸಿದೆ.

ಸೊಸೈಟಿಯ ಮೀಟಿಂಗಿನಲ್ಲಿ ಹಿಂಬದಿಯ ಗೋಡೆಗೆ ಒಂದು ಸಣ್ಣ ಬಾಗಿಲಾದರೂ ಇಡಿ ಎಂದು ಕೇಳಿದರು. ಸೆಕ್ರೆಟರಿಗೆ ಊರ ಜನ ಒಳಗೆ ಬರುತ್ತಾರೆಂಬ ಭಯ. ಸಾಹೇಬರ ಅರ್ಜಿಯ ಸುದ್ದಿ ಅವನಿಗೂ ತಲುಪಿತ್ತು. ಎಲ್ಲರ ಎದುರಿಗೆ ನಗುತ್ತಾ, "ಕಾಕಾ, ಚೂಕ್ ತುಮ್ಚೀಚ್ ನಾ?" ಅಂದ. ತಪ್ಪು ನಿಮ್ಮದೇ ಅಲ್ಲವೇ, ಈಗ ನಮಗ್ಯಾಕೆ ಕಾಟ? ಹಿಂದಿನ ಸಾಲಿನಲ್ಲಿ ನಾಲ್ಕು ಜನ ನಕ್ಕರು. ಒಬ್ಬನಂತೂ, ಇವರಿಂದಲೇ ನಾವೆಲ್ಲ ಜೇಲಿನಲ್ಲಿ ಬಿದ್ದಂತಾಯಿತು ಎಂದು ಕೂಗಿದ. ಸಾಹೇಬರು ನಿಂತೇ ಇದ್ದರು. "ಹೌದ್ರಿ. ನಂದ ತಪ್ಪು. ಅದಕ್ಕ ಕೇಳ್ಲಿಕ್ಹತ್ತೇನಿ," ಎಂದು ಕನ್ನಡದಲ್ಲೇ ಹೇಳಿ, ಆಮೇಲೆ ನೆನಪಾಗಿ ಮರಾಠಿಯಲ್ಲಿ ಹೇಳಿದರು. ಪಕ್ಕದ ಕುರ್ಚಿಯಲ್ಲಿ ನಾನು ಕೂತಿದ್ದೆ. ಎಂಥ ಹೆಂಗಸು ನಾನು! ಮೊಬೈಲು ತೆಗೆದು ಬಾರದ ಮೆಸೇಜು ನೋಡಿದೆ.

ಕಾರು ಓಡಿಸಲು ಅವರಿಗೆ ಬರುತ್ತಿರಲಿಲ್ಲ, ಕಲಿಯುವ ಅಗತ್ಯವೇ ಬಿದ್ದಿರಲಿಲ್ಲ. ವಸಾಹತಿನೊಳಗೆ ಹುಲ್ಲುಹಾಸಿನ ಸುತ್ತ ಕೆಲವು ತಿಂಗಳು ನಡೆದರು. "ಗಾಣದ ಎತ್ತ ಆಗೇನಿ ನೋಡ," ಅಂದು ಅದನ್ನೂ ಬಿಟ್ಟರು. ನಡೆಯುವುದು ನಿಂತಮೇಲೆ ಮೊಣಕಾಲು ಹಿಡಿಯಿತು, ಮೊಣಕಾಲು ಹಿಡಿದಮೇಲೆ, ಲಿಫ್ಟ್ ಇದ್ದರೂ, ಐದನೇ ಮಹಡಿಯಿಂದ ಇಳಿಯುವುದು ನಿಂತಿತು. ಬಾಲ್ಕನಿಯ ಕುರ್ಚಿಯೇ ಗತಿ. ಅಲ್ಲಿಂದ ಗೋಡೆಯಾಚೆಯ ಊರು ಪೂರಾ ಕಾಣುತ್ತದೆ. ಸಂತೆಯ ದಿನ ಯಾರು ಏನು ಹೊತ್ತು ತಂದರು ಎಂದು ಕಾಕುಗೆ ಹೇಳುತ್ತಿದ್ದರು. "ಮೆಂತ್ಯಾ ಭಾಳ ಬಂದದ ಇವತ್ತು." ಕಾಕು ಒಳಗಿನಿಂದ, "ಬಂದ್ರ ನಮಗೇನ್ರಿ," ಅನ್ನುತ್ತಿದ್ದರು.

ಮಗಳನ್ನು ಶಾಲೆಗೆ ಬಿಟ್ಟು ಬರುವಾಗ ನಾನೇ ಅವರಿಗೆ ತರಕಾರಿ ತರುತ್ತಿದ್ದೆ. ಆ ಒಂದು ಚೀಲ ಮೆಂತ್ಯದಿಂದ ನನ್ನ ಪಾಪ ತೊಳೆದುಹೋಗುತ್ತದೆ ಅಂದುಕೊಂಡಿದ್ದೆನೋ ಏನೋ. ಹೋದಾಗಲೆಲ್ಲ, "ಅರ್ಜಿ ಏನಾತ್ರಿ ಸಾಹೇಬ್ರ?" ಅಂದರೆ, "ನಡದದ ಬಿಡ. ಸರಕಾರೀ ಕೆಲಸಾ," ಅನ್ನುತ್ತಿದ್ದರು. ನಾನು ಆ ಕಚೇರಿಯವರ ಹೆಸರು ಹಿಡಿದು ಬೈಯುತ್ತಿದ್ದೆ. ಅವರು ನಗುತ್ತಿದ್ದರು.

ಹೋದ ವರ್ಷ ಶ್ರಾವಣದ ಒಂದು ಮಧ್ಯಾಹ್ನ ಅವರಿಗೆ ಎದೆ ಹಿಡಿದುಕೊಂಡಿತು. ಊರಿನ ದವಾಖಾನೆಯ ಬೋರ್ಡು ಬಾಲ್ಕನಿಯಿಂದ ಓದಲು ಬರುತ್ತದೆ. ಕಾಕು ಫೋನು ಮಾಡಿದ ಕೂಡಲೇ ಅಲ್ಲಿಯ ಡಾಕ್ಟರು ಸ್ಕೂಟರು ಹತ್ತಿದರಂತೆ, ತಿರುವಿನ ಸಾಲಿನಲ್ಲಿ ಸಿಕ್ಕಿಬಿದ್ದರು. ಅವರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬೇಗ ಬಂದಿದ್ದರೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಕಾಕುಗೆ ಹೇಳಿದರು. ನನ್ನ ಸಲುವಾಗಿ ಆ ಮಾತನ್ನು ಮತ್ತೊಮ್ಮೆ ಕೇಳಿ ಹೇಳಿಸಿಕೊಂಡೆ.

ಕರ್ಮಗಳೆಲ್ಲ ಮುಗಿದ ಮೇಲೆ ಕಾಕು ಒಂದು ಕಾಗದದ ಕಟ್ಟು ತಂದುಕೊಟ್ಟರು. "ಅರ್ಜಿದ ಕಾಗದಾ. ಹೋಗಿ ಬಂದ್ ಮಾಡಿಸಿ ಬಾರವ್ವ. ಅವರ ಇಲ್ಲಂದಮ್ಯಾಲೆ ಯಾಕ ಅದು." ನಾನು ಕಚೇರಿಗೆ ಹೋದೆ. ಜಗಳಕ್ಕೆ ತಯಾರಾಗಿಯೇ ಹೋಗಿದ್ದೆ. ಆರು ವರ್ಷ ಒಬ್ಬ ಮುದುಕನನ್ನು ಕಾಯಿಸಿದಿರಲ್ಲ ಎಂದು ಟೇಬಲ್ಲಿನ ಮುಂದೆ ನಿಂತು ಜೋರು ಮಾಡಿದೆ. ಅಲ್ಲಿದ್ದ ಗುಮಾಸ್ತ ಸಿಟ್ಟಾಗದೆ ಫೈಲು ತೆಗೆದು ನನ್ನ ಕಡೆ ತಿರುಗಿಸಿದ. ನಾವು ಕಾಯಿಸಿಲ್ಲ, ಮೂರು ಸಲ ಪತ್ರ ಬರೆದಿದ್ದೇವೆ ಅಂದ. ನಮ್ಮಲ್ಲಿಯ ಹಳೆಯ ಪ್ರತಿ ಸಿಗುತ್ತಿಲ್ಲ, ಟ್ರೇಸಿಂಗಿನ ಪೂರ್ತಿ ಪ್ರತಿ ಕೊಡಿ, ತಪ್ಪು ಸಾಬೀತಾದರೆ ಹಾದಿ ಬಿಡಿಸುತ್ತೇವೆ ಎಂದು ಮೂರೂ ಪತ್ರಗಳಲ್ಲಿ ಇತ್ತು. ಮೂರು ಸಲವೂ ಸಾಹೇಬರು ಅದೇ ಅಪೂರ್ಣ ಪ್ರತಿಯನ್ನೇ ಕಳಿಸಿದ್ದರು.

ನಾನು ಆ ಝೆರಾಕ್ಸ್ ಬಿಡಿಸಿದೆ. ಹಾಳೆಯ ಬಲಗಡೆಯ ಕೆಳಮೂಲೆಯಲ್ಲಿ ಒಂದು ಚೌಕವಿರುತ್ತದೆ. ಎಳೆದವರು ಯಾರು, ತಪಾಸಣೆ ಮಾಡಿದವರು ಯಾರು, ಎರಡು ಹೆಸರು, ಎರಡು ಸಹಿ. ಆ ಚೌಕವಿಲ್ಲದೆ ಯಾವ ಹಾಳೆಗೂ ಬೆಲೆಯಿಲ್ಲ, ಇದನ್ನು ನನಗೆ ಕಲಿಸಿದವರೇ ಅವರು. ಝೆರಾಕ್ಸಿನಲ್ಲಿ ಆ ಮೂಲೆ ಇರಲಿಲ್ಲ. ಮಡಚಿ ಪ್ರತಿ ತೆಗೆಸಿದ್ದರು. ಮಡಿಕೆಯ ಓರೆ ಗೆರೆ ಕಾಣುತ್ತಿತ್ತು. ಜೊತೆಗಿದ್ದ ಪತ್ರದಲ್ಲಿ ಅವರ ದುಂಡನೆಯ ಅಕ್ಷರದಲ್ಲಿ, ಈ ತಪ್ಪಿಗೆ ನಾನೊಬ್ಬನೇ ಹೊಣೆ ಎಂದು ಬರೆದಿತ್ತು.

ಅಲ್ಲೇ ಬೆಂಚಿನ ಮೇಲೆ ಕೂತು ಅತ್ತೆ. ಜನ ನೋಡುತ್ತಿದ್ದರು, ನೋಡಲಿ.

ಮನೆಗೆ ಬಂದು ಕಾಕುಗೆ ಎಲ್ಲ ಹೇಳಿದೆ. ಪಂಚಮಿಯ ಬಸ್ಸಿನಿಂದ ಹಿಡಿದು ಎಲ್ಲ. "ನನಗ ಗೊತ್ತಿತ್ತವ್ವಾ," ಅಂದರು ಅವರು. "ನಾನೂ ಅಂದೆ, ಪೂರಾ ಹಾಳಿ ಕೊಟ್ಟುಬಿಡ್ರಿ, ಒಂದ ದಿನಾನರ ಸಂತಿಗೆ ಹೋಗಿ ಬರೋಣು ಅಂತ. ಅದರಾಗ ಆ ಹುಡಿಗಿ ಹೆಸರ ಅದ ಅಂದ್ರು." ಎದ್ದು ಹೋಗಿ ಕಪಾಟಿನಿಂದ ಸುರುಳಿ ತಂದು ನನ್ನ ತೊಡೆಯ ಮೇಲೆ ಇಟ್ಟರು. ನನ್ನನ್ನು ಒಂದು ಮಾತು ಬೈದಿದ್ದರೆ ಎಷ್ಟು ಹಗುರಾಗುತ್ತಿತ್ತು. ಬೈಯಲಿಲ್ಲ, ಚಹಾ ಮಾಡಲೇ ಎಂದು ಕೇಳಿದರು.

ಗೋಡೆ ಇನ್ನೂ ಇದೆ. ಅಳತೆಯವರು ಎರಡು ಸಲ ಬಂದುಹೋಗಿದ್ದಾರೆ, ಸೆಕ್ರೆಟರಿ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾನೆ, ಲೈಸನ್ಸಿನ ವಿಚಾರಣೆಗೆ ನನಗೆ ನೋಟೀಸು ಬಂದಿದೆ. ಈಗಲೂ ದಿನಾ ಬೆಳಿಗ್ಗೆ ಆ ತಿರುವಿನ ಸಾಲಿನಲ್ಲಿ ಎಂಜಿನ್ ಚಾಲೂ ಇಟ್ಟುಕೊಂಡು ಕೂತಿರುತ್ತೇನೆ. ಬೈಯುವುದನ್ನು ಮಾತ್ರ ಬಿಟ್ಟಿದ್ದೇನೆ. ಯಾರನ್ನು ಬೈಯಲಿ?

ಸುರುಳಿ ಸಿಕ್ಕ ಮರುದಿನವೇ ನಾನು ಮತ್ತೆ ಆ ಕಚೇರಿಗೆ ಹೋಗಿದ್ದೆ. ಅಂಚು ಕೂಡಿಸಿದ್ದೇನೆಂದು ಸುಳ್ಳು ಹೇಳಿದವಳು ನಾನು ಎಂಬ ಹೇಳಿಕೆ ಬರೆದು, ಪೂರ್ತಿ ಹಾಳೆಯೊಂದಿಗೆ ಗುಮಾಸ್ತನ ಮುಂದಿಟ್ಟೆ. ಅವನು ಓದಿದ, ಮೂಲೆಯ ಚೌಕ ನೋಡಿದ, ನನ್ನ ಮುಖ ನೋಡಿದ. ಇಷ್ಟು ವರ್ಷ ಈ ಹಾಳೆ ಎಲ್ಲಿತ್ತು ಎಂದು ಮರಾಠಿಯಲ್ಲಿ ಕೇಳಿದ. ಅವರ ಮನೆಯಲ್ಲೇ ಇತ್ತು ಅಂದೆ.

"ಮನೆಯಲ್ಲೇ ಇಟ್ಟುಕೊಂಡು ಯಾಕೆ ಕೊಡಲಿಲ್ಲ ಅವರು?"

"ನನಗೋಸ್ಕರ," ಅಂದೆ.